ಗೆಣಸಿನ ಪೈ, ನೀರಿನ ಲೆಕ್ಕ

ಮೈದಾ ಕಣಕದ ತಳಕ್ಕೆ ಗೆಣಸಿನ ಹೂರಣ ಸುರಿದು ಓವನ್ನಿನಲ್ಲಿ ಬೇಯಿಸುವ ಸಿಹಿತಿಂಡಿ ಗೆಣಸಿನ ಪೈ. ಅದನ್ನು ಕೆಡಿಸುವುದು ನೀರು. ಸಕ್ಕರೆ ಒಂದು ಚಮಚ ಹೆಚ್ಚು ಕಡಿಮೆಯಾದರೆ ಹಬ್ಬದೂಟದ ಕೊನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ತಳ ಮೆತ್ತಗಾಗಿ ತಟ್ಟೆಗೆ ಅಂಟಿದರೆ, ಹೂರಣದ ಮೇಲೆ ಬೆವರು ಕೂತರೆ, ಕಷ್ಟಪಟ್ಟು ಕತ್ತರಿಸಿದ ಹಿಟ್ಟಿನ ಎಲೆಗಳು ಒದ್ದೆಯಾಗಿ ಮುದುಡಿದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಮೂರಕ್ಕೂ ಕಾರಣ ಒಂದೇ. ಆದ್ದರಿಂದ ಈ ಸಲದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪೈಯ ಕೆಲಸವನ್ನು ಬರೆದಿಡುವಾಗ ನೀರಿನ ಜಾಡನ್ನೇ ಹಿಡಿದಿದ್ದೇನೆ.

ನಾವಿರುವುದು ನಾರ್ತ್ ಕ್ಯಾರೊಲೈನಾದ ರಾಲಿ ಪಕ್ಕದಲ್ಲಿ. ಅಮೆರಿಕದಲ್ಲಿ ಬೆಳೆಯುವ ಗೆಣಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ರಾಜ್ಯದ್ದು. 1971ರಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. 1995ರಲ್ಲಿ ಗೆಣಸು ರಾಜ್ಯದ ಅಧಿಕೃತ ತರಕಾರಿಯೂ ಆಯಿತು. ಅದಕ್ಕಾಗಿ ಶಾಸಕರಿಗೆ ಬೆನ್ನು ಬಿಡದೆ ಅರ್ಜಿ ಬರೆದವರು ವಿಲ್ಸನ್ ಎಂಬ ಊರಿನ ಶಾಲಾ ಮಕ್ಕಳು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಈ ಹಬ್ಬದ ಊಟ ಉತ್ತರದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಕುಂಬಳಕಾಯಿ ಪೈಯಿಂದ ಮುಗಿಯುತ್ತದೆ. ದಕ್ಷಿಣದಲ್ಲಿ, ಅದರಲ್ಲೂ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ, ಗೆಣಸಿನ ಪೈ ಇಲ್ಲದೆ ಎಲೆ ಎತ್ತುವಂತಿಲ್ಲ. ನನಗೆ ಇದರ ರುಚಿ ಹತ್ತಿಸಿದವರು ಎದುರು ಮನೆಯ ಹಿರಿಯರು, ನಿವೃತ್ತ ಶಿಕ್ಷಕಿ. ಅವರು ಅಳತೆಯ ಲೋಟ ಹಿಡಿದದ್ದನ್ನು ನಾನು ನೋಡಿಲ್ಲ. ನನಗೋ ತಕ್ಕಡಿ ಇಲ್ಲದಿದ್ದರೆ ಕೈ ಓಡುವುದಿಲ್ಲ. ಹಾಗಾಗಿ ಕೆಳಗಿನ ಅಳತೆಗಳೆಲ್ಲ ಗ್ರಾಂನಲ್ಲಿ, ಶಾಖವೆಲ್ಲ ಸೆಲ್ಸಿಯಸ್‌ನಲ್ಲಿ.

ಮಂಗಳವಾರ, ಗೆಣಸು

ರೈತರ ಮಾರುಕಟ್ಟೆಯಿಂದ ಒಂದು ಪೆಟ್ಟಿಗೆ ಕವಿಂಗ್ಟನ್ ತಂದಿದ್ದೆ. ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದವರು 2005ರಲ್ಲಿ ಹೊರತಂದ ತಳಿ ಇದು. ಸಿಪ್ಪೆ ಗುಲಾಬಿ, ತಿರುಳು ಕಿತ್ತಳೆ ಬಣ್ಣ, ಆಕಾರ ಹೆಚ್ಚು ಕಡಿಮೆ ಒಂದೇ ಸಮ. ಒಂದೇ ಗಾತ್ರದವನ್ನು ಆರಿಸಿಕೊಂಡರೆ ಎಲ್ಲವೂ ಒಟ್ಟಿಗೆ ಬೇಯುತ್ತವೆ.

ಹೊಲದಿಂದ ಅಗೆದ ಗೆಣಸು ನೇರ ಅಂಗಡಿಗೆ ಬರುವುದಿಲ್ಲ. ಸುಮಾರು 29 ಡಿಗ್ರಿ ಶಾಖ, 85ರಿಂದ 90 ಶೇಕಡಾ ತೇವಾಂಶವಿರುವ ಕೋಣೆಯಲ್ಲಿ ಅದನ್ನು ಹೆಚ್ಚು ಕಡಿಮೆ ಒಂದು ವಾರ ಇಡುತ್ತಾರೆ. ಅಗೆಯುವಾಗ ಆದ ಗೀರುಗಳು ಅಲ್ಲಿ ಮಾಯುತ್ತವೆ, ಹಿಟ್ಟಿನಂಶ ಸಕ್ಕರೆಯತ್ತ ತಿರುಗಲು ಶುರುವಾಗುತ್ತದೆ. ಆಮೇಲೆ 13 ಡಿಗ್ರಿಯ ಉಗ್ರಾಣ. ಮನೆಗೆ ತಂದ ಮೇಲೆ ಅದನ್ನು ಫ್ರಿಜ್ಜಿಗೆ ತಳ್ಳಿದರೆ ಆ ಶ್ರಮವೆಲ್ಲ ವ್ಯರ್ಥ. ಫ್ರಿಜ್ಜಿನ ಚಳಿಗೆ ಗೆಣಸಿನ ನಡುಭಾಗ ಗಟ್ಟಿಯಾಗಿ, ಎಷ್ಟು ಬೇಯಿಸಿದರೂ ಕಲ್ಲಿನಂತೆ ಉಳಿದುಬಿಡುವುದುಂಟು. ಕತ್ತಲಿರುವ, ಗಾಳಿಯಾಡುವ ಮೂಲೆ ಸಾಕು.

ಗೆಣಸನ್ನು ನೀರಿನಲ್ಲಿ ಬೇಯಿಸಬಾರದು ಎಂಬುದು ನನ್ನ ಹಟ. ಎದುರು ಮನೆಯವರು ಬೇಯಿಸುತ್ತಾರೆ, ಅವರ ಪೈ ಕೆಡುವುದೂ ಇಲ್ಲ. ಏಕೆಂದರೆ ಅವರ ಕೈಗೆ ಎಷ್ಟು ಬಸಿಯಬೇಕು ಎಂಬುದು ಗೊತ್ತಿದೆ. ನಮ್ಮಂಥವರಿಗೆ ಓವನ್ನೇ ಸುರಕ್ಷಿತ. ಸಿಪ್ಪೆ ಸಮೇತ ತೊಳೆದು ಒರೆಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಅಲ್ಯೂಮಿನಿಯಂ ಹಾಳೆ ಹಾಸಿದ ತಟ್ಟೆಯಲ್ಲಿ ಸಾಲಾಗಿ ಇಟ್ಟು ತಣ್ಣನೆಯ ಓವನ್ನಿಗೇ ಹಾಕಿದೆ. ನಂತರ 200ಕ್ಕೆ ತಿರುಗಿಸಿದೆ. ಮೊದಲೇ ಕಾಯಿಸಿಟ್ಟ ಓವನ್ ಇಲ್ಲಿ ಬೇಡ. ಗೆಣಸಿನೊಳಗೆ ಹಿಟ್ಟಿನಂಶವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವ ಕಿಣ್ವವೊಂದಿದೆ. ಅದು ಚುರುಕಾಗಿ ಕೆಲಸ ಮಾಡುವುದು 60ರಿಂದ 75 ಡಿಗ್ರಿಯ ನಡುವೆ. ಅದಕ್ಕಿಂತ ಬಿಸಿಯೇರಿದರೆ ನಿಂತುಹೋಗುತ್ತದೆ. ಗೆಣಸು ಆ ಅಂತರವನ್ನು ನಿಧಾನವಾಗಿ ದಾಟಿದಷ್ಟೂ ಸಿಹಿ ಹೆಚ್ಚು. ಮೈಕ್ರೋವೇವ್‌ನಲ್ಲಿ ದಿಢೀರನೆ ಬೆಂದ ಗೆಣಸು ಸಪ್ಪೆ ಎನಿಸುವುದು ಇದಕ್ಕೇ.

ಒಂದು ಗಂಟೆ ದಾಟುವ ಹೊತ್ತಿಗೆ ಚುಚ್ಚಿದ ರಂಧ್ರಗಳಿಂದ ಕಂದು ಪಾಕ ಜಿನುಗಿ, ಸಿಪ್ಪೆಯ ಮೇಲೆ ಇಳಿದು, ಹಾಳೆ ಮುಟ್ಟಿದಲ್ಲಿ ಕಪ್ಪು ಬಿಲ್ಲೆಗಳಾಗಿ ಗಟ್ಟಿಯಾಗಿತ್ತು. ಆ ಬಿಲ್ಲೆಗಳು ಕೆರೆದು ತಿನ್ನುವವರ ಪಾಲು. ಸಿಪ್ಪೆ ತಿರುಳಿನಿಂದ ಬೇರ್ಪಟ್ಟು ಸಡಿಲವಾಗಿ ಸುಕ್ಕುಗಟ್ಟಿದರೆ ಬೆಂದಿದೆ ಎಂದು ಲೆಕ್ಕ. ಬಿಸಿಯಿರುವಾಗಲೇ ಉದ್ದಕ್ಕೆ ಸೀಳಿ ತೆರೆದಿಟ್ಟರೆ ಹಬೆಯಾಗಿ ಮತ್ತಷ್ಟು ನೀರು ಹೋಗುತ್ತದೆ. ಒಂದು ಕಿಲೋ ಹಸಿ ಗೆಣಸಿನಿಂದ 650 ಗ್ರಾಂ ಆಸುಪಾಸು ತಿರುಳು ಸಿಕ್ಕಿತು. ಪೈಗೆ ಬೇಕಾದದ್ದು 450 ಗ್ರಾಂ ಮಾತ್ರ. ಮಿಕ್ಕಿದ್ದು ಬೆಳಗ್ಗೆ ಚಪಾತಿ ಹಿಟ್ಟಿಗೆ ಸೇರಿತು.

ನಾರು ತೆಗೆಯುವುದಕ್ಕೆ ಎದುರು ಮನೆಯವರು ಕಲಿಸಿದ ಉಪಾಯವೊಂದಿದೆ. ತಿರುಳನ್ನು ಸೌಟಿನಲ್ಲಿ ಮಸೆಯುವ ಬದಲು ಕೈ ಮಿಕ್ಸರಿನ ಎರಡು ಕಡ್ಡಿಗಳನ್ನು ಇಳಿಸಿ ಒಂದೆರಡು ನಿಮಿಷ ತಿರುಗಿಸಬೇಕು. ಎತ್ತಿ ನೋಡಿದರೆ ಕಡ್ಡಿಗಳ ಸುತ್ತ ಕಿತ್ತಳೆ ಬಣ್ಣದ ಉದ್ದುದ್ದ ಎಳೆಗಳು ಸುತ್ತಿಕೊಂಡಿರುತ್ತವೆ. ಅವನ್ನು ನಲ್ಲಿಯ ಕೆಳಗೆ ತೊಳೆದು ಮತ್ತೆ ಇಳಿಸಬೇಕು. ಕಡ್ಡಿ ಖಾಲಿ ಬರುವವರೆಗೆ ಇದೇ ಕೆಲಸ. ಆಮೇಲೆ ಜರಡಿ ಹಿಡಿಯುವುದು ಬೇಕಾದರೆ ಸರಿ, ಬೇಡವಾದರೂ ನಡೆಯುತ್ತದೆ.

ಕೊನೆಗೊಂದು ಪರೀಕ್ಷೆ. ಒಂದು ಚಮಚ ತಿರುಳನ್ನು ಸ್ಟೀಲ್ ತಟ್ಟೆಯ ಮೇಲೆ ಗುಪ್ಪೆಯಾಗಿ ಇಟ್ಟು ಹತ್ತು ನಿಮಿಷ ಬಿಡಬೇಕು. ಸುತ್ತ ನೀರಿನ ಬಳೆ ಮೂಡಿದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬತ್ತಿಸಬೇಕು. ಮೂಡದಿದ್ದರೆ ಮುಂದಕ್ಕೆ ಹೋಗಬಹುದು.

ಊರಿನಲ್ಲಿ ಇದನ್ನು ಮಾಡುವವರಿಗೆ ಲೆಕ್ಕ ಸ್ವಲ್ಪ ಬೇರೆ. ಬೆಳಗಾವಿ, ಖಾನಾಪುರ ಕಡೆಯ ಕೆಂಪು ಸಿಪ್ಪೆ, ಬಿಳಿ ತಿರುಳಿನ ಗೆಣಸು, ಅಂದರೆ ಸಂಕ್ರಾಂತಿಗೆ ಬೇಯಿಸಿ ತಿನ್ನುವಂಥದ್ದು, ಹಿಟ್ಟುಹಿಟ್ಟಾಗಿ ಒಣಗಿರುತ್ತದೆ. ಅದಕ್ಕೆ ಹಾಲು ಕಾಲು ಲೋಟ ಹೆಚ್ಚು ಬೇಕಾದೀತು. ಪೈಯ ಬಣ್ಣ ಕಿತ್ತಳೆಯಾಗುವುದಿಲ್ಲ, ಕೆನೆ ಬಣ್ಣಕ್ಕೆ ನಿಲ್ಲುತ್ತದೆ. ಬಣ್ಣವೇ ಮುಖ್ಯವಾದರೆ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭೂ ಸೋನಾ ತಳಿ ಹುಡುಕಬಹುದು. ಅದರ ತಿರುಳೂ ಕಿತ್ತಳೆಯೇ.

ಬುಧವಾರ ಬೆಳಗ್ಗೆ, ಕಣಕ

ಹೋಳಿಗೆ ಮಾಡಿ ಪಳಗಿದ ಕೈ ಇಲ್ಲಿ ಕಲಿತದ್ದನ್ನು ಮರೆಯಬೇಕು. ಹೋಳಿಗೆಯ ಕಣಕವನ್ನು ನಾದಿ ನಾದಿ, ಎಣ್ಣೆಯಲ್ಲಿ ನೆನೆಸಿ, ರಬ್ಬರಿನಂತೆ ಎಳೆಯುವ ಹದಕ್ಕೆ ತರುತ್ತೇವೆ. ಪೈಯ ಕಣಕ ಎಳೆಯಲೇಬಾರದು. ಎಳೆದರೆ ಓವನ್ನಿನಲ್ಲಿ ಕುಗ್ಗಿ ತಟ್ಟೆಯೊಳಗೆ ಜಾರುತ್ತದೆ.

ಮೈದಾ 320 ಗ್ರಾಂ, ತಣ್ಣನೆಯ ಬೆಣ್ಣೆ 225 ಗ್ರಾಂ, ಉಪ್ಪು ಒಂದು ಸಣ್ಣ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಮಂಜುಗಡ್ಡೆ ಹಾಕಿದ ನೀರು 90ರಿಂದ 110 ಮಿಲಿ. ಇದರಲ್ಲಿ ಅರ್ಧ ತಳಕ್ಕೆ, ಅರ್ಧ ಅಲಂಕಾರಕ್ಕೆ. ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಮೈದಾದಲ್ಲಿ ಬೆರಳ ತುದಿಯಿಂದ ಚಪ್ಪಟೆ ಒತ್ತಿದೆ. ಪೂರ್ತಿ ಪುಡಿಯಾಗಬಾರದು, ಕೆಲವು ತುಂಡುಗಳು ಬಟಾಣಿ ಕಾಳಿನಷ್ಟು ಉಳಿದಿರಬೇಕು. ಲಟ್ಟಿಸಿದಾಗ ಆ ತುಂಡುಗಳು ಹಿಟ್ಟಿನ ನಡುವೆ ಹಾಳೆಗಳಾಗುತ್ತವೆ. ಅಮೆರಿಕದಲ್ಲಿ ಮಾರುವ ಬೆಣ್ಣೆಯಲ್ಲಿ ಕನಿಷ್ಠ 80 ಶೇಕಡಾ ಕೊಬ್ಬಿರಬೇಕೆಂಬ ನಿಯಮವಿದೆ. ಉಳಿದುದರಲ್ಲಿ ಬಹುಪಾಲು ನೀರು. ಇಡೀ ಪೈಯಲ್ಲಿ ನಮಗೆ ಬೇಕಾದ ನೀರೆಂದರೆ ಇದು. ಓವನ್ನಿನ ಬಿಸಿಗೆ ಅದು ಹಬೆಯಾಗಿ ಪದರಗಳನ್ನು ಬಿಡಿಸಿ ಎತ್ತುತ್ತದೆ. ಬೆಣ್ಣೆಯ ಬದಲು ತುಪ್ಪ ಹಾಕಿದರೆ ಆಗದೇ ಎಂದು ಕೇಳುವವರಿಗೆ ಉತ್ತರವೂ ಇದರಲ್ಲೇ ಇದೆ. ತುಪ್ಪದಲ್ಲಿ ನೀರಿಲ್ಲ. ಪರಿಮಳ ಘಮಘಮ ಬರುತ್ತದೆ, ಆದರೆ ತಳ ನಾನ್‌ಖಟಾಯಿಯ ಹಾಗೆ ಪುಡಿಪುಡಿಯಾಗುತ್ತದೆ, ಪದರ ಬಿಡುವುದಿಲ್ಲ.

ನೀರನ್ನು ಒಂದೊಂದೇ ಚಮಚ ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟಕ್ಕೆ ನಿಲ್ಲಿಸಿದೆ. ಎರಡು ಬಿಲ್ಲೆ ತಟ್ಟಿ, ಸುತ್ತಿ, ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟೆ. ಲಟ್ಟಿಸುವಾಗ ಅಂಚು ಸೀಳಿದರೆ ಗಾಬರಿ ಬೇಡ. ಸೀಳಿದಲ್ಲಿ ಬೆರಳಿಂದ ನೀರು ಸವರಿ ಒಂದು ಚೂರು ಹಿಟ್ಟನ್ನು ತೇಪೆ ಹಾಕಿ ಲಟ್ಟಣಿಗೆ ಒಮ್ಮೆ ಆಡಿಸಿದರೆ ಸರಿಹೋಗುತ್ತದೆ. ಪೈ ತಿನ್ನುವವರು ತಳವನ್ನು ತಿರುವಿ ನೋಡುವುದಿಲ್ಲ.

23 ಸೆಂಟಿಮೀಟರಿನ ಗಾಜಿನ ತಟ್ಟೆಗೆ ಕಣಕ ಹಾಸಿ, ಮತ್ತೆ ಅರ್ಧ ಗಂಟೆ ತಣ್ಣಗಿಟ್ಟು, ಒಳಗೆ ಬೇಕಿಂಗ್ ಕಾಗದ ಹರಡಿ ಕಾಬೂಲಿ ಕಡಲೆಯನ್ನು ಅಂಚಿನವರೆಗೆ ತುಂಬಿದೆ. ಕಡಲೆಯ ಭಾರಕ್ಕೆ ತಳ ಉಬ್ಬುವುದಿಲ್ಲ, ಗೋಡೆ ಕುಸಿಯುವುದಿಲ್ಲ. 200ರಲ್ಲಿ 20 ನಿಮಿಷ, ಆಮೇಲೆ ಕಡಲೆ ತೆಗೆದು ಇನ್ನೊಂದು ಎಂಟು ಹತ್ತು ನಿಮಿಷ. ಇದನ್ನು ಬಿಟ್ಟು ನೇರ ಹಸಿ ಕಣಕಕ್ಕೆ ಹೂರಣ ಸುರಿಯುವ ವಿಧಾನಗಳೂ ಇವೆ. ಅವು ನನಗೆ ಒಗ್ಗುವುದಿಲ್ಲ. ಬಿಸಿ ತಳಕ್ಕೆ ಮೊಟ್ಟೆಯ ಬಿಳಿಯನ್ನು ತೆಳುವಾಗಿ ಸವರಿ ಎರಡು ನಿಮಿಷ ಒಣಗಿಸಿದೆ. ಹೂರಣದ ತೇವ ಕೆಳಗಿಳಿಯದಂತೆ ಅದೊಂದು ತಡೆ. ಆ ಕಡಲೆ ಇನ್ನು ಬೇಯುವುದಿಲ್ಲ, ಡಬ್ಬಿಯಲ್ಲಿ ಹಾಕಿಟ್ಟರೆ ಮುಂದಿನ ಪೈಗೂ ಅದೇ ಆಗುತ್ತದೆ.

ಜಡೆ

ಅಂಚಿಗೆ ಜಡೆ ಹೆಣೆದು ಕೂರಿಸುವುದು ನೋಡಲು ಕಷ್ಟ, ಮಾಡಲು ಸುಲಭ. ಲೆಕ್ಕ ಮಾತ್ರ ಮೊದಲೇ ಇರಬೇಕು. 23 ಸೆಂಟಿಮೀಟರ್ ತಟ್ಟೆಯ ಸುತ್ತಳತೆ ಸುಮಾರು 72 ಸೆಂಟಿಮೀಟರ್. ಅಷ್ಟುದ್ದದ ಒಂದೇ ಜಡೆ ಎತ್ತುವಾಗಲೇ ತುಂಡಾಗುತ್ತದೆ. ಆದ್ದರಿಂದ 45 ಸೆಂಟಿಮೀಟರ್ ಉದ್ದದ ಪಟ್ಟಿಗಳಿಂದ ಎರಡು ಜಡೆ. ಹೆಣೆದಾಗ ಉದ್ದ ಕುಗ್ಗುತ್ತದೆ, ಅದಕ್ಕೇ ಈ ಹೆಚ್ಚುವರಿ. ಪಟ್ಟಿಯ ಅಗಲ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು, ದಪ್ಪ ಮೂರು ಮಿಲಿಮೀಟರ್. ಹಿಟ್ಟು ತಣ್ಣಗಿದ್ದರೆ ಮುರಿಯುತ್ತದೆ, ಬೆಚ್ಚಗಾದರೆ ಬೆರಳಿಗೆ ಅಂಟುತ್ತದೆ. ಮಡಚಿದರೆ ಬಿರುಕು ಬಿಡದೆ ಬಾಗುವ ಹದ ಫ್ರಿಜ್ಜಿನಿಂದ ತೆಗೆದ ಐದು ನಿಮಿಷದ ಮೇಲೆ ಬರುತ್ತದೆ, ಬಹಳ ಹೊತ್ತು ಇರುವುದಿಲ್ಲ. ಸಡಿಲವಾಗಿಯೇ ಹೆಣೆಯಬೇಕು, ಬಿಗಿದರೆ ಬೇಯುವಾಗ ಎಳೆಗಳು ಒಂದಕ್ಕೊಂದು ಅಂಟಿ ಜಡೆಯ ಗುರುತೇ ಉಳಿಯುವುದಿಲ್ಲ.

ಜಡೆಯನ್ನು ಹಸಿ ತಳಕ್ಕೇ ಅಂಟಿಸಿ ಮೊದಲ ಸುತ್ತಿಗೆ ಕಳಿಸಬಾರದು. ಅದು ಎರಡು ಸಲ ಬೆಂದು ಕಪ್ಪಾಗುತ್ತದೆ. ಅರೆಬೆಂದ ತಳದ ಅಂಚಿಗೆ ಮೊಟ್ಟೆಯ ಬಿಳಿ ಸವರಿ ಆಮೇಲೆ ಕೂರಿಸಿದೆ. ಎರಡು ಜಡೆ ಸೇರುವ ಎರಡು ಜಾಗ ಸ್ವಲ್ಪ ಅಂದಗೆಟ್ಟೇ ಇರುತ್ತವೆ. ಅಲ್ಲಿ ನಾಳೆ ಎಲೆ ಬರುತ್ತದೆ.

ಹೂರಣ

ಇದು ಐದು ನಿಮಿಷದ ಕೆಲಸ. 450 ಗ್ರಾಂ ತಿರುಳಿಗೆ ಕರಗಿಸಿದ ಬೆಣ್ಣೆ 85 ಗ್ರಾಂ, ಕಂದು ಸಕ್ಕರೆ 150 ಗ್ರಾಂ, ಮೊಟ್ಟೆ ಮೂರು, ಇವಾಪೊರೇಟೆಡ್ ಹಾಲು 180 ಮಿಲಿ, ವೆನಿಲಾ ಒಂದು ಸಣ್ಣ ಚಮಚ, ಉಪ್ಪು, ದಾಲ್ಚಿನ್ನಿ ಪುಡಿ, ಆಗಷ್ಟೇ ತುರಿದ ಜಾಯಿಕಾಯಿ ತಲಾ ಅರ್ಧ ಚಮಚ. ಇವಾಪೊರೇಟೆಡ್ ಹಾಲೆಂದರೆ ಸುಮಾರು 60 ಶೇಕಡಾ ನೀರು ತೆಗೆದ ಹಾಲು. ಸಿಹಿಯಾದ ಕಂಡೆನ್ಸ್ಡ್ ಹಾಲು ಬೇರೆ, ಡಬ್ಬಿಗಳು ಅಕ್ಕಪಕ್ಕ ಇರುವುದರಿಂದ ಓದಿ ಕೊಳ್ಳಬೇಕು. ಊರಿನಲ್ಲಿ ಸಿಗದಿದ್ದರೆ ಗಟ್ಟಿ ಹಾಲನ್ನು ಅರ್ಧಕ್ಕಿಂತ ಕಡಿಮೆಯಾಗುವಷ್ಟು ಕಾಯಿಸಿ ಇಂಗಿಸಿದರೂ ಆಯಿತು.

ಇದಕ್ಕೆ ಅರ್ಧ ಕಿತ್ತಳೆಯ ಸಿಪ್ಪೆ ತುರಿದು ಹಾಕಿದ್ದೇನೆ. ನನ್ನ ಕಲ್ಪನೆಯಲ್ಲ. ಆ್ಯಬಿ ಫಿಶರ್ ಎಂಬಾಕೆ ಸೌತ್ ಕ್ಯಾರೊಲೈನಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಉಪ್ಪಿನಕಾಯಿ, ಮುರಬ್ಬಗಳಿಗೆ ಬಹುಮಾನ ಗೆದ್ದು ಹೆಸರಾದವರು. ಓದು ಬರಹ ಬಾರದ ಆಕೆ ಹೇಳಿ ಬರೆಸಿದ ಅಡುಗೆ ಪುಸ್ತಕ 1881ರಲ್ಲಿ ಅಚ್ಚಾಯಿತು. ಅದರಲ್ಲಿನ ಗೆಣಸಿನ ಪೈಗೆ ಒಂದು ಕಿತ್ತಳೆಯ ರಸ, ಅರ್ಧ ಸಿಪ್ಪೆಯ ತುರಿ. ಕಣಕ ಕೆಳಗೆ ಮಾತ್ರ, ಮೇಲೆ ಮುಚ್ಚಳ ಬೇಡ ಎಂದೂ ಆಕೆ ಬರೆಸಿದ್ದಾರೆ. ರಸವನ್ನು ನಾನು ಬಿಟ್ಟೆ, ಕಾರಣ ಊಹಿಸಬಹುದು. ತುರಿಯಿಂದ ಸೇರುವ ನೀರು ಲೆಕ್ಕಕ್ಕಿಲ್ಲ, ಪರಿಮಳವೆಲ್ಲ ಅದರಲ್ಲೇ ಇದೆ.

ಏಲಕ್ಕಿ ಹಾಕಲಿಲ್ಲ. ನಮ್ಮವರು ಸಿಹಿಯೆಂದರೆ ಸಾಕು, ಏಲಕ್ಕಿ ಡಬ್ಬಿಗೆ ಕೈ ಹಾಕುತ್ತಾರೆ. ಹಾಕಿದ ಕೂಡಲೇ ಇದು ಹೋಳಿಗೆಯ ಹೂರಣವಾಗುತ್ತದೆ, ಗೆಣಸಿನ ಹುರಿದ ವಾಸನೆ ಎಲ್ಲೋ ಹೋಗುತ್ತದೆ. ಬೆಲ್ಲ ಹಾಕುವುದಾದರೂ ಎಚ್ಚರ ಬೇಕು. ಹಾಲಿನ ಜೊತೆ ಕಾದರೆ ಬೆಲ್ಲ ಅದನ್ನು ಒಡೆಸಿ ಹೂರಣವನ್ನು ತರಿತರಿ ಮಾಡೀತು. ಕಂದು ಸಕ್ಕರೆಗೆ ಆ ಕಾಟ ಕಡಿಮೆ.

ಮೊಟ್ಟೆ ತಿನ್ನದವರ ಮನೆಗಾದರೆ ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ಹಾಲಿನಲ್ಲಿ ಕದಡಿ, ಹೂರಣವನ್ನೆಲ್ಲ ಒಲೆಯ ಮೇಲೆ ಗುಳುಗುಳು ಕುದಿಸಿ ಗಟ್ಟಿ ಮಾಡಿ, ಪೂರ್ತಿ ಬೆಂದ ತಳಕ್ಕೆ ಸುರಿದು ಫ್ರಿಜ್ಜಿನಲ್ಲಿ ಹೊಂದಿಸಬೇಕು. ತಳಕ್ಕೂ ಜಡೆಗೂ ಸವರುವ ಮೊಟ್ಟೆಯ ಜಾಗದಲ್ಲಿ ಹಾಲು ಸಾಕು.

ಓವನ್ನಿನ ಕೆಳಗಿನ ಹಂತದಲ್ಲಿ ಒಂದು ಕಬ್ಬಿಣದ ತಟ್ಟೆಯನ್ನು ಕಾಯಲು ಬಿಟ್ಟಿದ್ದೆ. ಅದರ ಮೇಲೆ ಪೈ, 175 ಡಿಗ್ರಿ, ಮುಕ್ಕಾಲು ಗಂಟೆಯಿಂದ 55 ನಿಮಿಷ. ಜಡೆ ಹೊಂಬಣ್ಣಕ್ಕೆ ಬಂದ ಕೂಡಲೇ ಅಂಚಿಗೆ ಅಲ್ಯೂಮಿನಿಯಂ ಹಾಳೆಯ ಉಂಗುರ ಮುಚ್ಚಬೇಕು. ತಟ್ಟೆಯನ್ನು ಸಣ್ಣಗೆ ಅಲುಗಿಸಿದಾಗ ಅಂಚು ಕದಲದೆ ನಡುವಿನ ಅಂಗೈಯಗಲ ಮಾತ್ರ ತುಳುಕಿದರೆ ಸಾಕು, ಹೊರಗೆ ತೆಗೆಯಬೇಕು. ಥರ್ಮಾಮೀಟರ್ ಇದ್ದರೆ ನಡುವಿನ ಶಾಖ 80. ಅಲ್ಲಿಂದ ಮುಂದೆ ಹೋದರೆ ಮೊಟ್ಟೆ ಬಿಗಿದು ಹಿಡಿದಿಟ್ಟ ನೀರನ್ನು ಹಿಂಡಿ ಬಿಡುತ್ತದೆ. ಹೂರಣ ನಡುವೆ ಬಿರುಕು ಬಿಡುವುದೂ ಆಗಲೇ. ಬಿರುಕು ಬಿಟ್ಟರೂ ಚಿಂತೆಯಿಲ್ಲ, ಎಲೆಗಳು ಇರುವುದು ಯಾತಕ್ಕೆ?

ಮೊಟ್ಟೆ, ಹಾಲು ಇರುವ ಪೈ ಬೆಂದು ಎರಡು ಗಂಟೆಯೊಳಗೆ ಫ್ರಿಜ್ಜು ಸೇರಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಜಾಲರಿಯ ಮೇಲೆ ಆರಿಸಿ, ಮುಚ್ಚದೆ ಒಳಗಿಟ್ಟು, ಪೂರ್ತಿ ತಣ್ಣಗಾದ ಮೇಲೆ ಸಡಿಲವಾಗಿ ಮುಚ್ಚಿದೆ. ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದ ಹನಿಗಳು ಮತ್ತೆ ಹೂರಣದ ಮೇಲೆ ಬೀಳುತ್ತವೆ.

ಬುಧವಾರ ರಾತ್ರಿ, ಎಲೆಗಳು

ಉಳಿದ ಕಣಕವನ್ನು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಮೇಪಲ್, ಓಕ್ ಎಲೆಗಳ ಅಚ್ಚಿನಿಂದ ಕತ್ತರಿಸಿದೆ. ಅಚ್ಚು ಇಲ್ಲದಿದ್ದರೆ ಚಾಕುವಿನಿಂದ ಮಾವಿನೆಲೆಯ ಆಕಾರ ತೆಗೆಯುವುದೇ ಸುಲಭ. ಚಾಕುವಿನ ಬೆನ್ನಿನಿಂದ ನಡುನರ ಎಳೆದು, ಅದರಿಂದ ಓರೆಯಾಗಿ ಸಣ್ಣ ನರಗಳನ್ನು ಒತ್ತಬೇಕು. ಗೀರು ಆಳವಾಗಿಯೇ ಇರಲಿ, ಬೇಯುವಾಗ ಅರ್ಧ ಮುಚ್ಚಿಹೋಗುತ್ತದೆ.

ಎಲೆಗಳು ಎಲ್ಲವೂ ಒಂದೇ ಬಣ್ಣ ಬಂದರೆ ಬಿಸ್ಕತ್ತಿನ ಅಂಗಡಿಯಂತೆ ಕಾಣುತ್ತದೆ. ಬಣ್ಣ ಹಾಕದೆಯೇ ಛಾಯೆ ಬದಲಿಸಬಹುದು. ಕೆಲವಕ್ಕೆ ಬರೀ ಹಾಲು ಸವರಿದೆ, ಅವು ತಿಳಿಗಂದು, ಹೊಳಪಿಲ್ಲ. ಕೆಲವಕ್ಕೆ ಮೊಟ್ಟೆಯ ಹಳದಿಗೆ ಒಂದು ಚಮಚ ಕೆನೆ ಬೆರೆಸಿ ಸವರಿದೆ, ಅವು ಹೊಳೆಯುವ ಹೊಂಬಣ್ಣ. ಮತ್ತೆ ಕೆಲವಕ್ಕೆ ಆ ಹಳದಿಗೇ ಚಿಟಿಕೆ ದಾಲ್ಚಿನ್ನಿ ಪುಡಿ ಸೇರಿಸಿ ನರಗಳ ಮೇಲೆ ಮಾತ್ರ ಕುಂಚ ಆಡಿಸಿದೆ. ಪುಡಿ ಗೀರಿನೊಳಗೆ ಇಳಿದು ಅಂಚು ಹೊನ್ನು, ನರ ಕೆಂಗಂದು ಎಂದು ಬೇರೆ ಬೇರೆಯಾಗಿ ಬಂತು. ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ಅದರ ಮೇಲೆ ಒಂದೆರಡು ಎಲೆ ಒರಗಿಸಿ ಬೇಯಿಸಿದರೆ ಅವು ಉದುರಿದ ಎಲೆಯ ಹಾಗೆ ಬಾಗುತ್ತವೆ. 200ರಲ್ಲಿ 10ರಿಂದ 14 ನಿಮಿಷ.

ಇವನ್ನು ಪೈಯ ಜೊತೆಗೇ ಹೂರಣದ ಮೇಲೆ ಇಟ್ಟು ಬೇಯಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಎಲೆಯ ಕೆಳಮೈ ಹಸಿ ಕಣಕವಾಗಿಯೇ ಉಳಿಯುತ್ತದೆ. ಬೇರೆಯಾಗಿ ಬೆಂದ ಎಲೆಗಳನ್ನು ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಹೊರಗೇ ಇಟ್ಟೆ. ಫ್ರಿಜ್ಜಿನಲ್ಲಿ ಇಟ್ಟರೆ ರಾತ್ರಿಯೊಳಗೆ ಮೆತ್ತಗಾಗುತ್ತವೆ.

ಗುರುವಾರ

ಊಟಕ್ಕೆ ಒಂದು ಗಂಟೆ ಮೊದಲು ಪೈ ಹೊರಗೆ ತೆಗೆದೆ. ಹೂರಣದ ಮೇಲೆ ಮಂಜಿನಂತೆ ಕೂತ ತೇವವನ್ನು ಕಾಗದದ ಕರವಸ್ತ್ರದ ತುದಿಯಿಂದ ಒತ್ತಿ ತೆಗೆದೆ, ಒರೆಸಲಿಲ್ಲ. ಒರೆಸಿದರೆ ಹೊಳಪು ಹೋಗಿ ಗೀರು ಬೀಳುತ್ತದೆ. ಜಡೆ ಕೂಡಿದ ಎರಡು ಜಾಗದಲ್ಲಿ ಮೂರು ಮೂರು ಎಲೆ, ಒಂದರ ಮೇಲೊಂದು ಓರೆಯಾಗಿ. ಅಲ್ಲಿಂದ ಒಂದು ಬದಿಗೆ ಸಾಲು ಹಿಡಿದು ಪೈಯ ಮೂರನೆಯ ಒಂದು ಭಾಗದವರೆಗೆ ಮಾತ್ರ. ಪೂರ್ತಿ ಮುಚ್ಚಿದರೆ ಕಿತ್ತಳೆ ಬಣ್ಣವೇ ಕಾಣುವುದಿಲ್ಲ. ಎರಡು ದಿನ ಅದಕ್ಕಾಗಿ ತಾನೇ ದುಡಿದದ್ದು.

ಮೇಲೆ ಮಾರ್ಷ್‌ಮೆಲ್ಲೋ, ಅಂದರೆ ಹತ್ತಿಯಂತೆ ಮೆತ್ತಗಿರುವ ಸಕ್ಕರೆ ಮಿಠಾಯಿ, ಹಾಕೋಣ ಎಂದು ಮನೆಯ ಮಕ್ಕಳು ಹಟ ಹಿಡಿದರು. ಗೆಣಸಿನ ಮೇಲೆ ಮಾರ್ಷ್‌ಮೆಲ್ಲೋ ಸುಡುವ ರೂಢಿ ಹರಡಿದ್ದು 1917ರಲ್ಲಿ ಒಂದು ಮಾರ್ಷ್‌ಮೆಲ್ಲೋ ಕಂಪನಿ ತನ್ನ ಸರಕು ಮಾರಲು ಹಂಚಿದ ಪಾಕವಿಧಾನಗಳಿಂದ. ಅದು ಊಟದ ಜೊತೆ ಬಡಿಸುವ ಗೆಣಸಿನ ಕ್ಯಾಸರೋಲಿಗೆ, ಅಂದರೆ ಓವನ್ನಿನಲ್ಲಿ ಬೇಯಿಸಿದ ಪಲ್ಯದಂಥದ್ದಕ್ಕೆ, ಸೇರಿದ್ದು. "ಪೈ ಮೇಲೆ ಅದನ್ನು ಕಂಡರೆ ನಾನು ಬಾಗಿಲಿನಿಂದಲೇ ವಾಪಸ್ಸು ಹೋಗುತ್ತೇನೆ" ಎಂದು ಎದುರು ಮನೆಯವರು ಹೇಳಿದ ಮೇಲೆ ಮಕ್ಕಳು ಸುಮ್ಮನಾದರು. ಕಡೆದ ಕೆನೆಯನ್ನು ಬಟ್ಟಲಿನಲ್ಲಿ ಪಕ್ಕಕ್ಕಿಟ್ಟು, ತಟ್ಟೆಗೆ ಬಡಿಸಿದ ಮೇಲೆ ಒಂದು ಚಮಚ ಹಾಕಿದೆವು. ಮೊದಲೇ ಪೈ ಮೇಲೆ ಬಿಡಿಸಿದರೆ ಅರ್ಧ ಗಂಟೆಯಲ್ಲಿ ಕೆನೆ ನೀರಾಡಲು ಶುರುಮಾಡುತ್ತದೆ.

ಕತ್ತರಿಸುವಾಗ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಮೊದಲು ಜಡೆಯನ್ನು ಗರಗಸದಂತೆ ಕೊಯ್ದು ಆಮೇಲೆ ಕೆಳಕ್ಕೆ ಒತ್ತಬೇಕು. ಒಂದೇ ಏಟಿಗೆ ಒತ್ತಿದರೆ ಜಡೆ ಹೂರಣದೊಳಗೆ ಹುದುಗಿಹೋಗುತ್ತದೆ. ಮೊದಲ ತುಂಡು ಎತ್ತಿದಾಗ ತಳ ಬಾಗದೆ ನೇರವಾಗಿ ಬಂತು, ತಟ್ಟೆಯ ಗಾಜು ಒಣಗಿಯೇ ಇತ್ತು. ಎದುರು ಮನೆಯವರು ತಳದ ಅಂಚನ್ನು ಫೋರ್ಕಿನಿಂದ ತಟ್ಟಿ ಸದ್ದು ಕೇಳಿದರು, ಆಮೇಲೆ ಜಾಯಿಕಾಯಿ ಇನ್ನೊಂದಿಷ್ಟು ತಡೆಯುತ್ತಿತ್ತು ಎಂದರು. ಇರಬಹುದು.

ಪೆಟ್ಟಿಗೆಯಲ್ಲಿ ಇನ್ನೂ ಅರ್ಧ ಗೆಣಸು ಉಳಿದಿದೆ, ಗ್ಯಾರೇಜಿನ ಚಳಿ ಹದವಾಗಿರುವುದರಿಂದ ಕ್ರಿಸ್‌ಮಸ್‌ವರೆಗೆ ಕೆಡುವುದಿಲ್ಲ. ಆಗ ಜಡೆ ಬೇಡ, ಅಂಚನ್ನು ಫೋರ್ಕಿನಿಂದ ಒತ್ತಿದರೆ ಸಾಕು. ಎಲೆಯ ಬದಲು ನಕ್ಷತ್ರಗಳು, ಸುತ್ತ ಪೆಕನ್ ಬೀಜಗಳ ಸಾಲು. ಪೆಕನ್‌ಗಳನ್ನು ಹಸಿಯಾಗಿ ಜೋಡಿಸಬಾರದು. 175ರಲ್ಲಿ ಎಂಟು ನಿಮಿಷ ಹುರಿದು, ಆರಿಸಿ, ಬಡಿಸುವ ಹೊತ್ತಿಗೆ ಇಡಬೇಕು, ಇಲ್ಲದಿದ್ದರೆ ಅವೂ ಹೂರಣದ ತೇವ ಕುಡಿದು ಚಕ್ಕಳವಾಗುತ್ತವೆ.